ಗ್ರೈಂಡರಿನ ಚಕ್ರ ಕೇಳಿದ ಅಕ್ಕ

ಡೊಂಬಿವಲಿಯ ಹಳೆಯ ಕಟ್ಟಡಗಳ ಅಡುಗೆಮನೆಯಲ್ಲಿ ಬಾಗಿಲಿನ ಮೇಲ್ಗಡೆ ಸಿಮೆಂಟಿನ ಒಂದು ಅಟ್ಟ ಇರುತ್ತದೆ. ಇಲ್ಲಿಯವರು ಅದನ್ನು ಮಾಳಾ ಎನ್ನುತ್ತಾರೆ. ಮನೆಮನೆ ಸುತ್ತಿ ವಿಚಾರಿಸುವ ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ನಾನು ಹೋದ ಮನೆಗಳಲ್ಲೆಲ್ಲ ಸ್ಟೂಲು ಹಾಕಿಸಿಕೊಂಡು ಹತ್ತಿ ನೋಡಿದ್ದು ಈ ಮಾಳಾಗಳನ್ನೇ. ತಿರುಗದ ಮಿಕ್ಸರು, ರೆಕ್ಕೆ ಬಿಚ್ಚಿಟ್ಟ ಫ್ಯಾನು, ಬಿಸಿಯಾಗದ ಇಸ್ತ್ರಿಪೆಟ್ಟಿಗೆ, ಎಲ್ಲವೂ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕೂತಿರುತ್ತಿದ್ದವು. ಕಸದಂತೆ ಎಸೆದದ್ದಲ್ಲ, ಜೋಪಾನವಾಗಿ ಇಟ್ಟದ್ದು. ಯಾಕೆ ಇಟ್ಟಿದ್ದೀರಿ ಎಂದು ಕೇಳಿದರೆ ಹೆಂಗಸರು ಹೇಳುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ ಮಾತು: ಒಂದು ಪಾರ್ಟು ಸಿಕ್ಕಿದರೆ ನಡೆಯುತ್ತದೆ.

ನವಿ ಮುಂಬೈಯಲ್ಲಿ ಕಚೇರಿ ಇದ್ದ ಒಂದು ಅಧ್ಯಯನ ಸಂಸ್ಥೆಯಲ್ಲಿ ನನಗೆ ಕೆಲಸ. ಜನ ಏನು ಕೊಳ್ಳುತ್ತಾರೆ, ಕೊಂಡದ್ದನ್ನು ಹೇಗೆ ಬಳಸುತ್ತಾರೆ, ಕೆಟ್ಟಾಗ ಏನು ಮಾಡುತ್ತಾರೆ ಎಂದು ಮನೆಮನೆಗೆ ಹೋಗಿ ವಿಚಾರಿಸುವುದು. ಆ ಬಾರಿಯ ಅಧ್ಯಯನ ಅಡುಗೆಮನೆಯ ಯಂತ್ರಗಳದ್ದು. ನಾವು ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಕಸ ಕಡಿಮೆ ಮಾಡಲು, ಗ್ರಾಹಕರಿಗೆ ನ್ಯಾಯ ಸಿಗಲು ಸರಕಾರ ಏನು ನಿಯಮ ಮಾಡಬೇಕು ಎಂದು ಸಲಹೆ ಕೊಡುವುದಿತ್ತು. ನಾನು ಅದನ್ನು ನಂಬಿದ್ದೆ. ಒಬ್ಬ ಹೆಂಗಸು ತನ್ನ ಅಡುಗೆಮನೆಯಲ್ಲಿ ನಿಂತು ಹೇಳಿದ ಮಾತು ಕಚೇರಿಗಳನ್ನು ದಾಟಿ ಒಂದು ಕಾನೂನಿನ ಸಾಲಾಗಬಹುದು ಎನ್ನುವುದಕ್ಕಿಂತ ದೊಡ್ಡ ಕೆಲಸ ನನಗೆ ಬೇರೆ ಕಾಣುತ್ತಿರಲಿಲ್ಲ.

ನಾನು ಹುಟ್ಟಿದ್ದು ಬೆಳೆದದ್ದು ಠಾಣೆಯ ಕೋಪರಿಯಲ್ಲಿ. ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕೌಂಟರಿಗೆ ಕೂರುತ್ತಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕೆಳಗೆ ಇಳಿದರೆ ಮರಾಠಿ. ಹಾಗಾಗಿ ಠಾಣೆಯಿಂದ ಕಲ್ಯಾಣದವರೆಗಿನ ಮನೆಗಳನ್ನು ನನಗೇ ವಹಿಸಿದ್ದರು.

ಅಕ್ಕನ ಮನೆ ಸಿಕ್ಕಿದ್ದು ಹಾಗೆ. ನಾನು ಅವರನ್ನು ಕರೆದದ್ದು ಅಕ್ಕ ಎಂದೇ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಉಡುಪಿ ಕಡೆಯ ಕನ್ನಡ ಮಾತಾಡುವ ಮನೆಯವರು. ಮದುವೆಯಾಗಿ ಬಂದಂದಿನಿಂದ ಡೊಂಬಿವಲಿ ಪೂರ್ವದ ಅದೇ ಎರಡು ಕೋಣೆಯ ಮನೆಯಲ್ಲಿ ಇದ್ದವರು. ಗಂಡ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರು. ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಕ್ಕ ಇಡ್ಲಿ, ದೋಸೆ ಹಿಟ್ಟು ಅರೆದು ಕಟ್ಟಡದವರಿಗೆ ಕೊಡುತ್ತಿದ್ದರು. ಭಾನುವಾರ ಅವರ ಬಾಗಿಲಲ್ಲಿ ಡಬ್ಬ ಹಿಡಿದು ಮರಾಠಿಯವರು, ಗುಜರಾತಿಯವರು ಎಲ್ಲ ನಿಂತಿರುತ್ತಿದ್ದರಂತೆ. ನಾನು ಹೋದಾಗ ಅದು ನಿಂತುಹೋಗಿತ್ತು. ಗ್ರೈಂಡರು ಮಾಳಾದ ಮೇಲಿತ್ತು.

ಗಂಡನ ಕೈಯಲ್ಲಿ ಇಳಿಸಿ ತೋರಿಸಿದರು. ಬಟ್ಟೆ ಬಿಚ್ಚಿ, ಕಲ್ಲಿನ ಮೇಲೆ ಕೈಯಾಡಿಸಿ, "ಇದು ಹಾಳಾದ್ದಲ್ಲ ಮಾರಾಯ್ತಿ," ಎಂದರು. "ಮೋಟರು ಸರಿ ಉಂಟು, ಕಲ್ಲು ಸರಿ ಉಂಟು. ಅಡಿಯ ಚಕ್ರ ಒಂದು ಹೋದದ್ದು."

ಬಟ್ಟಲನ್ನು ತಿರುಗಿಸುವ ಪ್ಲಾಸ್ಟಿಕ್ ಚಕ್ರ ಅದು. ಅಂಗೈಯಷ್ಟು ಅಗಲ, ನಡುವೆ ಸೀಳಿತ್ತು. ಕಲ್ಯಾಣದ ಒಬ್ಬ ರಿಪೇರಿಯವನು ಅಂಟು ಹಾಕಿ ಕೊಟ್ಟಿದ್ದನಂತೆ. ಒಂದು ವಾರ ತಿರುಗಿ ಮತ್ತೆ ಸೀಳಿತು. ಬೇರೆ ಕಂಪನಿಯ ಚಕ್ರ ಹಾಕಿ ನೋಡಿದರೆ ಕೂರಲಿಲ್ಲ. ಅಕ್ಕ ಅದನ್ನು ಸ್ಟೀಲ್ ಡಬ್ಬದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದರು.

ನಮ್ಮ ಟ್ಯಾಬ್ಲೆಟ್ಟಿನಲ್ಲಿ ಕೆಟ್ಟ ಯಂತ್ರಕ್ಕೆ ನಾಲ್ಕು ಉತ್ತರಗಳಿದ್ದವು: ರಿಪೇರಿ ಮಾಡಿಸಿದೆ, ಮಾರಿದೆ, ಎಸೆದೆ, ಸುಮ್ಮನೆ ಇಟ್ಟುಕೊಂಡಿದ್ದೇನೆ. ಅಕ್ಕನದ್ದು ಇವು ಯಾವುದೂ ಅಲ್ಲ. ಅವರು ಕಾಯುತ್ತಿದ್ದರು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಜನ ಮಾಡುತ್ತಿದ್ದದ್ದು ಅದನ್ನೇ. ಕಚೇರಿಯಲ್ಲಿ ಈ ಮಾತು ಎತ್ತಿದೆ. ಅಧ್ಯಯನದ ಮುಖ್ಯಸ್ಥರು ಹುಬ್ಬಳ್ಳಿ ಕಡೆಯವರು, ಒಳ್ಳೆಯ ಮನುಷ್ಯ, ನಾವೆಲ್ಲ ಸರ್ ಎನ್ನುತ್ತಿದ್ದೆವು. ಕೆಲಸಕ್ಕೆ ಸೇರಿದ ದಿನ, ಮಂದಿ ಮಾತು ಮೊದಲು ಕೇಳ್ರಿ, ಆಮ್ಯಾಲೆ ಪ್ರಶ್ನೆ ಮಾಡ್ರಿ ಎಂದು ನನಗೆ ಕಲಿಸಿದವರೂ ಅವರೇ.

"ಕಾಯೋದು ಅಂದ್ರ ಅದೊಂದು ಕೆಲಸ ಏನ್ರಿ?" ಎಂದು ನಕ್ಕರು. "ಇಟ್ಟಾರಲ್ಲ, ಇಟ್ಟುಕೊಂಡಿದ್ದಾರ ಅಂತ ಒತ್ತಿಬಿಡ್ರಿ. ಕಾರಣ ಕೆಳಗ ಬರೀರಿ."

ಹಾಗೇ ಮಾಡಿದೆ. ಪ್ರತಿ ಮನೆಯ ಕಾರಣವನ್ನೂ ಕೆಳಗೆ ಬರೆದೆ. ಉತ್ತರಗಳ ಲೆಕ್ಕ ಹಾಕುವ ಕಂಪ್ಯೂಟರು ಕೆಳಗೆ ಬರೆದದ್ದನ್ನು ಓದುವುದಿಲ್ಲ ಎಂದು ಯಾರೂ ನನಗೆ ಹೇಳಲಿಲ್ಲ.

ಅಕ್ಕನ ಜೊತೆ ಒಂದು ದಿನ ಠಾಣೆಯ ಮಾಜಿವಾಡಾದಲ್ಲಿದ್ದ ಗ್ರೈಂಡರ್ ಕಂಪನಿಯ ಸರ್ವಿಸ್ ಸೆಂಟರಿಗೂ ಹೋದೆ. ಗ್ರಾಹಕರು ರಿಪೇರಿಗೆ ಅಲೆಯುವುದನ್ನು ಕಣ್ಣಾರೆ ನೋಡಿ ಬರೆಯಬೇಕು ಎಂದು ಸರ್ ಹೇಳಿದ್ದರು. ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲಿನ ಲೇಡೀಸ್ ಬೋಗಿಯಲ್ಲಿ ನಿಂತು ಬಂದೆವು. ಅಕ್ಕ ಚಕ್ರದ ಡಬ್ಬವಿದ್ದ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದರು, ನೂಕಿನಲ್ಲಿ ಇನ್ನಷ್ಟು ಮುರಿಯಬಾರದು ಎಂದು. ಸೆಂಟರಿನಲ್ಲಿ ಕೌಂಟರಿನ ಹಿಂದಿದ್ದ ಯುವಕ ಚಕ್ರವನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರ್ ನೋಡಿ, "ಮಾಡೆಲ್ ಬಂದ್ ಹೋ ಗಯಾ ಆಂಟಿ, ಎಕ್ಸ್‌ಚೇಂಜ್ ಮೇ ದೇ ದೋ," ಎಂದ, ಹಳೆಯದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದು.

ಮಾಡೆಲ್ ನಿಂತುಹೋಗಿದೆ ಸರಿ, ನನ್ನ ಮನೆಯದ್ದು ನಿಂತಿಲ್ಲವಲ್ಲ ಎಂದು ಅಕ್ಕ ತಮ್ಮದೇ ಮರಾಠಿ ಬೆರೆತ ಹಿಂದಿಯಲ್ಲಿ ತಿಳಿಸಿ ಹೇಳಿದರು. ಹೊಸದು ಬೇಡ, ಇದೊಂದು ತರಿಸಿಕೊಡಿ, ಎಷ್ಟಾದರೂ ಕೊಡುತ್ತೇನೆ ಎಂದರು. ಅವನು ಸಿಟ್ಟಾಗಲಿಲ್ಲ, ಅವಮಾನ ಮಾಡಲೂ ಇಲ್ಲ. ಹೊಸ ಗ್ರೈಂಡರಿನ ಬಣ್ಣದ ಚೀಟಿಯೊಂದನ್ನು ಅಕ್ಕನ ಮುಂದೆ ಸರಿಸಿ ಮುಂದಿನವರನ್ನು ಕರೆದ. ಹೊರಗೆ ಹೈವೇಯ ಸದ್ದಿನಲ್ಲಿ ಅಕ್ಕ ಚಕ್ರವನ್ನು ಮತ್ತೆ ಡಬ್ಬಕ್ಕೆ ಹಾಕಿ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಇದನ್ನೆಲ್ಲ ಬರೀತಿ ಅಲ್ವಾ? ಓದುವವರು ಇದ್ದಾರಾ?" ಎಂದು ಕೇಳಿದರು. ಇದ್ದಾರೆ ಅಕ್ಕ ಎಂದೆ. ಹಾಗೆ ಹೇಳುವಾಗ ನನಗೆ ಅನುಮಾನವೇ ಇರಲಿಲ್ಲ.

ವರದಿಗೆ ನನ್ನ ಪಾಲಿನದ್ದನ್ನು ಬರೆದುಕೊಟ್ಟೆ. ಜನ ಎಸೆಯಲು ಆತುರಪಡುತ್ತಿಲ್ಲ, ಅವರನ್ನು ಎಸೆಯುವಂತೆ ಮಾಡಲಾಗುತ್ತಿದೆ ಎಂದು ಬರೆದೆ. ಯಂತ್ರ ಮಾರಿದವರು ಅದರ ಬಿಡಿಭಾಗವನ್ನು ಇಂತಿಷ್ಟು ವರ್ಷ ಸಿಗುವಂತೆ ಇಡಬೇಕು, ಅದನ್ನು ಪೆಟ್ಟಿಗೆಯ ಮೇಲೆ ಕಾಣುವಂತೆ ಅಚ್ಚುಹಾಕಬೇಕು ಎಂಬ ನಿಯಮ ಬಂದರೆ ಸಾಕು, ಮಾಳಾದ ಮೇಲಿನ ಅರ್ಧ ಸಾಮಾನು ಕೆಳಗಿಳಿದು ಮತ್ತೆ ಕೆಲಸಕ್ಕೆ ಹತ್ತುತ್ತದೆ ಎಂದೆ. ಸರ್ ಓದಿ ಬೆನ್ನು ತಟ್ಟಿದರು. ವಾಶಿಯ ಒಂದು ಹೋಟೆಲಿನಲ್ಲಿ ದೊಡ್ಡ ಸಭೆ ಇದೆ, ಸರಕಾರಿ ಅಧಿಕಾರಿಗಳು, ಯಂತ್ರ ತಯಾರಿಸುವವರು, ಗ್ರಾಹಕ ಸಂಘದವರು ಎಲ್ಲ ಬರುತ್ತಾರೆ, ನಿಮ್ಮ ಅಕ್ಕನನ್ನೇ ಕರಕೊಂಡು ಬರ್ರಿ, ಅವರ ಬಾಯಿಂದನೇ ಕೇಳಲಿ ಎಂದರು.

ಅಕ್ಕ ಮೊದಲು ಒಪ್ಪಲಿಲ್ಲ. ಅಷ್ಟು ಜನರ ಮುಂದೆ ನಾನು ಎಂತ ಮಾತಾಡುವುದು ಎಂದರು. ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿ ಬರುತ್ತೇನೆ ಎಂದರು. ನಮ್ಮ ಕಟ್ಟಡದ ಎಲ್ಲರ ಮನೆಯಲ್ಲೂ ಇದೇ ಕತೆ, ಯಾರಾದರೂ ಹೇಳಬೇಕಲ್ಲ ಎಂದರು. ಮಗಳು ಒಳ್ಳೆಯ ಮರಾಠಿಯಲ್ಲಿ ಒಂದು ಪುಟ ಬರೆದುಕೊಟ್ಟಳು. ಅಕ್ಕ ಅದನ್ನು ಅಡುಗೆ ಮಾಡುತ್ತಾ ಬಾಯಿಪಾಠ ಮಾಡಿದರಂತೆ. ಸಭೆಯ ದಿನ ಮದುವೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದರು. ಗಂಡ ಹೋಟೆಲಿಗೆ ರಜೆ ಹಾಕಿ ಜೊತೆಗಿದ್ದರು. ಚಕ್ರವೂ ಬಂದಿತ್ತು.

ಅವರು ಮಾತಾಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಗಳು ಬರೆದದ್ದನ್ನು ಎರಡು ಸಾಲು ಓದಿ, ಮಡಚಿ, ತಮ್ಮದೇ ಮರಾಠಿಯಲ್ಲಿ ಶುರು ಮಾಡಿದರು. ಚಕ್ರವನ್ನು ಎತ್ತಿ ಹಿಡಿದು, ಇದು ನನ್ನ ಗ್ರೈಂಡರಿನದ್ದು, ಇದು ನಿಮ್ಮಲ್ಲಿ ಯಾರ ಹತ್ತಿರ ಇದೆಯೋ ಕೊಡಿ ಎಂದು ಕೇಳಿದರು. ನನಗೆ ಕಡಿಮೆ ಬೆಲೆಗೆ ಬೇಡ, ಪುಕ್ಕಟೆ ಬೇಡ. ನಡೆಯುವ ಯಂತ್ರವನ್ನು ಕಸ ಎಂದು ಒಪ್ಪಿಕೊಳ್ಳಿ ಎನ್ನಬೇಡಿ ಎಂದರು. ನನ್ನ ಮನೆಯಲ್ಲಿ ಜಾಗ ಇಲ್ಲ, ಆದರೂ ಇಟ್ಟುಕೊಂಡಿದ್ದೇನೆ. ನಿಮ್ಮ ಗೋದಾಮಿನಲ್ಲಿ ಒಂದು ಚಕ್ರ ಇಡುವಷ್ಟು ಜಾಗ ಇಲ್ಲವೇ ಎಂದರು. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು.

ಅಕ್ಕ ವೇದಿಕೆಯಿಂದ ಇಳಿಯುವಷ್ಟರಲ್ಲಿ ಕಾರ್ಯಕ್ರಮ ನಡೆಸುತ್ತಿದ್ದಾಕೆ ಅವರನ್ನು ತಡೆದು ನಿಲ್ಲಿಸಿದಳು. ನಿಮಗಾಗಿ ಒಂದು ಆಶ್ಚರ್ಯ ಇದೆ ಎಂದಳು. ಪಕ್ಕದ ಬಾಗಿಲಿನಿಂದ ಇಬ್ಬರು ಕೆಂಪು ರಿಬ್ಬನ್ ಕಟ್ಟಿದ ದೊಡ್ಡ ಪೆಟ್ಟಿಗೆಯನ್ನು ಹೊತ್ತು ತಂದರು. ಅದೇ ಕಂಪನಿಯ ಹೊಸ ಗ್ರೈಂಡರು. ಯಂತ್ರ ತಯಾರಿಸುವವರ ಪರವಾಗಿ ಬಂದಿದ್ದ ಕೋಟುಧಾರಿ ಒಬ್ಬರು ಬಂದು ಪೆಟ್ಟಿಗೆಯ ಒಂದು ಬದಿ ಹಿಡಿದರು, ಅಕ್ಕನ ಕೈಯನ್ನು ಇನ್ನೊಂದು ಬದಿಗೆ ಇಡಿಸಿದರು. ಮತ್ತೆ ಚಪ್ಪಾಳೆ. ಮೊದಲಿಗಿಂತ ಜೋರಾಗಿ. ಕ್ಯಾಮೆರಾದವನು ನಗಿ ಎಂದ. ಅಕ್ಕ ನಕ್ಕರು. ಅವರ ಒಂದು ಕೈಯಲ್ಲಿ ಇನ್ನೂ ಆ ಸೀಳಿದ ಚಕ್ರ ಇತ್ತು. ಫೋಟೋಗೆ ಅಡ್ಡ ಬರುತ್ತದೆ ಎಂದು ಯಾರೋ ಮೆಲ್ಲಗೆ ಅದನ್ನು ತೆಗೆದುಕೊಂಡರು. ಆಮೇಲೆ ನಾನು ಎಷ್ಟು ಹುಡುಕಿದರೂ ಅದು ಸಿಗಲಿಲ್ಲ.

ಊಟದ ಸಾಲಿನಲ್ಲಿ ಅಕ್ಕ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ನಾನು ಸರಿ ಹೇಳ್ಲಿಲ್ವಾ? ಅವರಿಗೆ ನನ್ನ ಮರಾಠಿ ಗೊತ್ತಾಗ್ಲಿಲ್ವಾ ಎಂತ?"

ಗೊತ್ತಾಗಿದೆ ಅಕ್ಕ ಎಂದೆ. ಗಂಡ ಟ್ಯಾಕ್ಸಿ ಕರೆದು ಪೆಟ್ಟಿಗೆ ಹೇರಿಸಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅದರಲ್ಲಿ ತಪ್ಪೇನೂ ಇಲ್ಲ.

ವರದಿ ಅಚ್ಚಾಗಿ ಬಂತು. ನುಣುಪಾದ ಕಾಗದ, ಮುಖಪುಟದಲ್ಲಿ ಹಸಿರು ಎಲೆ. ನಾನು ಬರೆದ ಭಾಗ ಹಿಂದಿನ ಅನುಬಂಧಕ್ಕೆ ಹೋಗಿತ್ತು. ಮುಂದಿನ ಪುಟಗಳಲ್ಲಿ, ಹೆಂಗಸರು ಹಳೆಯ ಯಂತ್ರಗಳನ್ನು ಭಾವನಾತ್ಮಕ ಅಂಟಿನಿಂದ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ಇದರಿಂದ ಅವು ಮರುಬಳಕೆಯ ಕಾರ್ಖಾನೆಗಳಿಗೆ ತಲುಪುತ್ತಿಲ್ಲ, ಅವರಲ್ಲಿ ಅರಿವು ಮೂಡಿಸಬೇಕು ಎಂದಿತ್ತು. ಅಂಟು! ನಾನು ಸ್ಟೂಲು ಹತ್ತಿ ಇಳಿದು ಕೇಳಿಕೊಂಡು ಬಂದದ್ದಕ್ಕೆಲ್ಲ ಅವರು ಇಟ್ಟ ಹೆಸರು ಅದು. ಸಲಹೆಗಳಲ್ಲಿ ಮೊದಲನೆಯದು, ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವವರಿಗೆ ಉತ್ತೇಜನ. ಬಿಡಿಭಾಗದ ಮಾತು ಮುಂದಿನ ಹಂತದಲ್ಲಿ ಪರಿಶೀಲಿಸಬಹುದಾದ ವಿಷಯಗಳಲ್ಲಿ ಕೊನೆಯದಾಗಿ ಕೂತಿತ್ತು.

ವರದಿ ಹಿಡಿದು ಸರ್ ಅವರ ಕೋಣೆಗೆ ಹೋದೆ. ನಾನು ಆ ದಿನ ದನಿ ಏರಿಸಿದೆ. ಅವರು ಏರಿಸಲಿಲ್ಲ. ಬಾಗಿಲು ಹಾಕಿ ಬಂದು ಕೂತರು.

"ನೀವು ಬರದದ್ದು ಖರೇ ಐತ್ರಿ. ನಾ ಇಲ್ಲ ಅನ್ನಂಗಿಲ್ಲ," ಎಂದರು. "ಆದ್ರ ಪಾರ್ಟು ಇಡಲೇಬೇಕು ಅಂತ ಮೊದಲನೇ ಸಾಲಿನ್ಯಾಗ ಬರದ್ರ ಆ ಟೇಬಲಿನಿಂದ ಅರ್ಧ ಮಂದಿ ಎದ್ದು ಹೋಗ್ತಿದ್ರು. ಹಳೇದು ಕೊಟ್ಟು ಹೊಸದು ತಗೊಳ್ರಿ ಅಂದ್ರ ಎಲ್ಲಾರೂ ಕುಂದರ್ತಾರ. ಸರಕಾರಕ್ಕ ಒಂದು ಕೆಲಸ ಆತು, ಕಂಪನಿಗೂ ಒಂದು ಕೆಲಸ ಆತು."

ಮತ್ತೆ ನಾವು ಮನೆಮನೆಗೆ ಹೋದದ್ದು ಯಾಕೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೋಗದಿದ್ದರೆ ಯಾರೂ ನಂಬುತ್ತಿರಲಿಲ್ಲ ಎಂದರು. ವ್ಯಂಗ್ಯಕ್ಕಲ್ಲ, ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವಂತೆ ಹೇಳಿದರು. ಅವರು ಮೋಸಗಾರರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟು ಮಾಡಿಕೊಂಡು ಮರೆತುಬಿಡಬಹುದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಹಳೆಯದು ಕೊಟ್ಟು ಹೊಸದು ಕೊಳ್ಳಿ ಎಂಬ ಪ್ರಚಾರದ ಪೋಸ್ಟರುಗಳು ಬಂದವು. ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ, ವಸತಿ ಸೊಸೈಟಿಗಳ ನೋಟೀಸ್ ಬೋರ್ಡುಗಳಲ್ಲಿ. ಹಸಿರು ಸೀರೆಯ ಅಕ್ಕ ರಿಬ್ಬನ್ ಕಟ್ಟಿದ ಪೆಟ್ಟಿಗೆ ಹಿಡಿದು ನಗುತ್ತಿದ್ದರು. ಕೆಳಗೆ ಮರಾಠಿಯಲ್ಲಿ, ನಾನು ಹಳೆಯದನ್ನು ಬಿಟ್ಟೆ, ಭೂಮಿಯನ್ನು ಉಳಿಸಿದೆ, ನೀವು? ಎಂದಿತ್ತು. ಅವರ ಕಟ್ಟಡದಲ್ಲೇ ಒಂದು ಭಾನುವಾರ ಹಳೆಯ ಯಂತ್ರಗಳನ್ನು ಒಯ್ಯುವ ಟೆಂಪೊ ಬಂದು ನಿಂತಿತು. ಸೊಸೈಟಿಯ ಸೆಕ್ರೆಟರಿ ಪ್ರತಿ ಮಹಡಿಗೆ ಹತ್ತಿ, ನಮ್ಮ ಕಟ್ಟಡದವರೇ ಪೋಸ್ಟರಿನಲ್ಲಿ ಇರುವಾಗ ನಾವು ಹಿಂದೆ ಬೀಳಬಾರದು ಎಂದು ಮಾಳಾ ಖಾಲಿ ಮಾಡಿಸಿದರಂತೆ. ಅಕ್ಕ ಆಗ ಠಾಣೆಯಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದರು. ಬರುವಷ್ಟರಲ್ಲಿ ಗಂಡ ಹಳೆಯ ಗ್ರೈಂಡರನ್ನು ಟೆಂಪೊಗೆ ಕೊಟ್ಟಾಗಿತ್ತು. ಹೊಸದು ಬಂದ ಮೇಲೆ ಅದೆಂತಕ್ಕೆ ಎಂದರಂತೆ. ಅಕ್ಕ ಕೆಳಗೆ ಓಡಿ ಹೋದರು. ಟೆಂಪೊ ಹೋಗಿತ್ತು.

ಇದನ್ನೆಲ್ಲ ಅಕ್ಕ ನನಗೆ ಫೋನಿನಲ್ಲಿ ಹೇಳಿದ್ದು ಅಳುತ್ತಲ್ಲ. ಗ್ರೈಂಡರಿಗಾಗಿ ಅಳುವಷ್ಟು ಹುಚ್ಚು ನನಗಿಲ್ಲ ಎಂದರು. ಅವರಿಗೆ ನೋವಾದದ್ದು ಬೇರೆಯದಕ್ಕೆ. ಕೆಳಗಿನ ಮನೆಯ ಮುದುಕಿ ತನ್ನ ಮಿಕ್ಸರನ್ನು ಕೊಟ್ಟು ಬಂದು, ನೀನು ಹೇಳಿದೆಯಲ್ಲ ಅದಕ್ಕೇ ಕೊಟ್ಟೆ ಎಂದಳಂತೆ. ಹೊಸದು ಕೊಳ್ಳುವ ಶಕ್ತಿ ಆಕೆಗಿರಲಿಲ್ಲ. "ನಾನು ಯಾವಾಗ ಹಾಗೆ ಹೇಳಿದ್ದು?" ಎಂದು ಅಕ್ಕ ನನ್ನನ್ನು ಕೇಳಿದರು. "ನೀನೇ ಇದ್ದಿಯಲ್ಲ ಅಲ್ಲಿ. ನಾನು ಹಾಗೆ ಹೇಳಿದ್ನಾ?"

ಪೋಸ್ಟರು ತೆಗೆಸಲು ನಾನು ಪ್ರಯತ್ನಪಟ್ಟೆ. ಆ ಸಭೆಗೆ ಬಂದಿದ್ದ ಗ್ರಾಹಕ ಸಂಘದವರಿಗೆ ಬರೆದೆ, ಪ್ರಚಾರ ಮಾಡುತ್ತಿದ್ದ ಕಚೇರಿಗೆ ಹೋದೆ. ಅಲ್ಲಿಯವರು, ಫೋಟೋ ತೆಗೆಯುವಾಗ ಅವರು ನಗುತ್ತಿದ್ದರಲ್ಲ ಮೇಡಮ್ ಎಂದರು. ಕೊನೆಗೆ ಅದು ಇಳಿದದ್ದು ಚುನಾವಣೆಯ ಬ್ಯಾನರುಗಳಿಗೆ ಜಾಗ ಬೇಕಾದಾಗ.

ಹೊಸ ಗ್ರೈಂಡರು ಚೆನ್ನಾಗಿಯೇ ಅರೆಯುತ್ತಿತ್ತು. ಅಕ್ಕ ಮತ್ತೆ ಹಿಟ್ಟು ಮಾಡಲು ಶುರು ಮಾಡಿದರು. ಹಾಗಾಗಿ ಯಾರ ಮುಂದೆಯೂ ದೂರು ಹೇಳುವಂತಿರಲಿಲ್ಲ. ಪುಕ್ಕಟೆ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಕಟ್ಟಡದವರು ಅನ್ನುತ್ತಿದ್ದರು. ಒಂದು ದಿನ ಅಕ್ಕ ಒಬ್ಬರೇ ಮಾಜಿವಾಡಾದ ಸೆಂಟರಿಗೆ ಹೋಗಿ, ಈ ಹೊಸದರ ಚಕ್ರ ಈಗಲೇ ಒಂದು ಕೊಂಡಿಡುತ್ತೇನೆ, ಕೊಡಿ ಎಂದು ಕೇಳಿದರಂತೆ. ಬಿಡಿ ಚಕ್ರ ಮಾರುವುದಿಲ್ಲ, ಗ್ಯಾರಂಟಿ ಇರುವವರೆಗೆ ನಾವೇ ಹಾಕುತ್ತೇವೆ, ಆಮೇಲಿನದ್ದು ಆಮೇಲೆ ಎಂದರಂತೆ ಅವರು. ಇದನ್ನು ಹೇಳುವಾಗ ಅಕ್ಕ ನಕ್ಕರು. ಆ ನಗು ನನಗೆ ಕೇಳಲು ಕಷ್ಟವಾಯಿತು.

ಮುಂದಿನ ವರ್ಷ ಅದೇ ಸಂಸ್ಥೆಗೆ ಇನ್ನೊಂದು ಅಧ್ಯಯನ ಸಿಕ್ಕಿತು: ಪ್ರಚಾರದಿಂದ ಜನರ ನಡತೆ ಎಷ್ಟು ಬದಲಾಗಿದೆ ಎಂದು ನೋಡುವುದು. ಹಳೆಯ ಮನೆಗಳಿಗೇ ಮತ್ತೆ ಹೋಗಬೇಕಿತ್ತು. ಕೆಲಸ ಬಿಡುವ ಯೋಚನೆ ನನ್ನ ತಲೆಯಲ್ಲಿತ್ತು, ಆದರೂ ಈ ಸಲವಾದರೂ ಕಾರಣವನ್ನು ಕೆಳಗಲ್ಲ, ಮೇಲೆ ಬರೆಸಬೇಕು ಎಂಬ ಹಟದಲ್ಲಿ ಒಪ್ಪಿದೆ. ಪ್ರಶ್ನೆಗಳನ್ನು ನಾನೇ ಕೂತು ತಿದ್ದಿದೆ. ಸರ್ ಒಂದಷ್ಟನ್ನು ಉಳಿಸಿಕೊಂಡರು.

ಅಕ್ಕನ ಮನೆಗೆ ಹೋದದ್ದು ಮಧ್ಯಾಹ್ನ. ಮಗಳು ಬಾಗಿಲು ತೆಗೆದು "ಆಯೀ, ತ್ಯಾ ಆಲ್ಯಾ," ಎಂದು ಒಳಗೆ ಕೂಗಿದಳು, ಅವರು ಬಂದಿದ್ದಾರೆ ಎಂದು. ಅಕ್ಕ ಸೆರಗಿಗೆ ಕೈ ಒರೆಸುತ್ತಾ ಬಂದರು. ಮೊದಲಿನ ಹಾಗೆಯೇ ಕೂರಿಸಿದರು, ಅಪ್ಪನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು, ತೆಳ್ಳಗಿನ ದೋಸೆ ಹೊಯ್ದು ತಟ್ಟೆಗೆ ಹಾಕಿದರು. ನಾನು ತಿಂದು ಮುಗಿಸಿ ಚೀಲದಿಂದ ಟ್ಯಾಬ್ಲೆಟ್ ತೆಗೆದೆ. ಈ ಸಲದ ಪ್ರಶ್ನೆಗಳು ಬೇರೆ, ನಾನೇ ಬರೆದದ್ದು ಎಂದು ವಿವರಿಸಲು ಹೊರಟೆ.

ಅವರು ನನ್ನ ತಟ್ಟೆ ಎತ್ತಿಕೊಂಡು ನಿಂತರು.

"ನಿನ್ನ ಮೇಲೆ ನಂಗೆ ಎಂತ ಬೇಸರ ಇಲ್ಲ," ಎಂದರು. "ನೀನು ಊಟಕ್ಕೆ ಬಾ, ಹಬ್ಬಕ್ಕೆ ಬಾ. ಕೇಳ್ಲಿಕ್ಕೆ ಮಾತ್ರ ಬರಬೇಡ."

ನಾನು ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡೆ. ಸ್ವಲ್ಪ ಹೊತ್ತು ಮಗಳ ಪರೀಕ್ಷೆಯ ಮಾತಾಡಿದೆವು. ಆ ಕಟ್ಟಡದಲ್ಲಿ ಇನ್ನೂ ನಾಲ್ಕಾರು ಮನೆಗಳಿಗೆ ಹೋಗುವುದು ಬಾಕಿ ಇತ್ತು. ಯಾವುದಕ್ಕೂ ಹೋಗದೆ ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ನಡೆದೆ. ಆ ವಾರವೇ ಸರ್ ಅವರಿಗೆ ರಾಜೀನಾಮೆ ಕೊಟ್ಟೆ; ಅವರು ಬೇಡ ಎನ್ನಲಿಲ್ಲ, ಒಳ್ಳೆಯದಾಗಲಿ ಎಂದರು. ಗ್ರಾಹಕರ ಮಾತು ಕಾನೂನಿನವರೆಗೆ ಹೋಗಬೇಕು ಎಂದು ನಾನು ಈಗಲೂ ನಂಬುತ್ತೇನೆ. ಅಕ್ಕನ ಮನೆಗೆ ಹಬ್ಬಕ್ಕೆ ಮಾತ್ರ ಇದುವರೆಗೆ ಹೋಗಲಾಗಿಲ್ಲ.